ಫೋಟೊ ತಿದ್ದಿಲ್ಲ ಅಂದ ಮಾತ್ರಕ್ಕೆ ಜಾಹೀರಾತು ನಿಜವಾಗುತ್ತಾ?

ನೆರಿಗೆ:

ಈಚೆಗೆ ಕ್ರೀಮು, ಶಾಂಪೂ, ಒಳಉಡುಪು, ಯಾವ ಜಾಹೀರಾತು ನೋಡಿದರೂ ಒಂದೇ ರಾಗ. ‘ನೀವು ಇರುವ ಹಾಗೇ ಚೆಂದ.’ ಮಾತೇನೋ ಒಳ್ಳೆಯದೇ. ಆದರೆ ಹೇಳುತ್ತಿರುವವರು ಯಾರು? ನನ್ನನ್ನು ಬದಲಾಯಿಸುವ ಸಾಮಾನು ಮಾರುವವರು. ಇರುವ ಹಾಗೇ ಚೆಂದ ಇದ್ದರೆ ಆ ಡಬ್ಬಿ ನನಗೆ ಯಾಕೆ ಬೇಕು?

ಈ ಧಾಟಿಯನ್ನು ದೊಡ್ಡ ಮಟ್ಟದಲ್ಲಿ ಶುರು ಮಾಡಿದ್ದು ಡವ್. 2004ರಲ್ಲಿ ಅವರ ‘ರಿಯಲ್ ಬ್ಯೂಟಿ’ ಪ್ರಚಾರ ಬಂತು. ಮಾಡೆಲ್‌ಗಳಲ್ಲದ ಹೆಂಗಸರು ಬಿಳಿ ಒಳಉಡುಪಿನಲ್ಲಿ ನಗುತ್ತಾ ನಿಂತಿದ್ದ ಆ ಚಿತ್ರ ಬಹಳ ಜನರಿಗೆ ನೆನಪಿರಬಹುದು. ಅದು ಯಾವುದರ ಜಾಹೀರಾತು ಅನ್ನೋದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಚರ್ಮ ಬಿಗಿ ಮಾಡುವ ಕ್ರೀಮಿನದು! ನಿಮ್ಮ ತೊಡೆ ಚೆನ್ನಾಗಿದೆ ಅಂತ ಹೇಳಿ, ಅದೇ ತೊಡೆಗೆ ಹಚ್ಚಿಕೊಳ್ಳಲು ಕ್ರೀಮು ಕೊಡುವುದು.

ಡವ್ ಯೂನಿಲಿವರ್ ಕಂಪನಿಯದು. ಹುಡುಗಿಯರು ಹುಡುಗನ ಮೇಲೆ ಮುಗಿಬೀಳುವ ಆ್ಯಕ್ಸ್ ಸ್ಪ್ರೇ ಜಾಹೀರಾತುಗಳೂ ಅದೇ ಕಂಪನಿಯವು. ಫೇರ್ ಆ್ಯಂಡ್ ಲವ್ಲಿ ಕೂಡ ಅದರದ್ದೇ. 2020ರಲ್ಲಿ ಹೆಸರನ್ನು ಗ್ಲೋ ಆ್ಯಂಡ್ ಲವ್ಲಿ ಅಂತ ಬದಲಾಯಿಸಿದರು. ಒಂದೇ ಮನೆಯಿಂದ ಇಷ್ಟೂ ಮಾತು ಹೊರಡುವಾಗ ಯಾವುದನ್ನು ನಂಬಬೇಕು ಅನ್ನುವುದು ನನ್ನ ಪ್ರಶ್ನೆ. ನಿಮಗೆಲ್ಲ ಏನನ್ನಿಸುತ್ತದೆ?

ತರ್ಲೆ ತಂಗಿ:

ಅಕ್ಕ, ಸ್ವಲ್ಪ ಜಾಸ್ತಿ ಅನುಮಾನ ಆಯ್ತಲ್ವಾ? ಕಂಪನಿ ಅಂದಮೇಲೆ ಲಾಭಕ್ಕೇ ಮಾಡುತ್ತದೆ. ಅದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ನನ್ನ ಹಾಗೆ ದಪ್ಪಗಿರುವ ಹುಡುಗಿ ಒಬ್ಬಳು ದೊಡ್ಡ ಫಲಕದಲ್ಲಿ ನಾಚಿಕೆ ಇಲ್ಲದೆ ನಿಂತಿದ್ದನ್ನು ಮೊದಲ ಸಲ ನೋಡಿದಾಗ ನನಗೆ ಖುಷಿ ಆಯ್ತು. ಆ ಖುಷಿ ಸುಳ್ಳಲ್ಲ. ಅದಕ್ಕೂ ಮುಂಚೆ ದಪ್ಪ ಹುಡುಗಿಯರು ಬರುತ್ತಿದ್ದದ್ದು ‘ಮೊದಲು–ನಂತರ’ ಚಿತ್ರದ ‘ಮೊದಲು’ ಜಾಗದಲ್ಲಿ ಮಾತ್ರ.

ಬೆಳಕು ನೆರಳು:

ನಾನು ಫೋಟೊ ತಿದ್ದುವ ಕೆಲಸದವಳು. ಸೌಂದರ್ಯದ ಸಾಮಾನಿನ ಜಾಹೀರಾತೇ ಜಾಸ್ತಿ ಮಾಡಿದ್ದೇನೆ. ಹಾಗಾಗಿ ‘ತಿದ್ದಿಲ್ಲ’ ಅನ್ನುವ ಮಾತಿನ ಒಳಗೆ ಏನೇನಿರುತ್ತದೆ ಅಂತ ಹೇಳಬಲ್ಲೆ.

ಮೊದಲೆಲ್ಲ ಮುಖವನ್ನು ಮಸುಕು ಮಾಡಿ ಉಜ್ಜಿಬಿಡುತ್ತಿದ್ದರು. ಗೊಂಬೆ ಹಾಗೆ ಕಾಣುತ್ತಿತ್ತು, ನೋಡಿದವರಿಗೆ ಗೊತ್ತಾಗುತ್ತಿತ್ತು. ಈಗ ಹಾಗಲ್ಲ. ಚರ್ಮದ ಬಣ್ಣವನ್ನು ಒಂದು ಪದರ ಮಾಡುತ್ತೇವೆ, ರಂಧ್ರ, ಕೂದಲು, ಸಣ್ಣ ಗೆರೆಗಳನ್ನು ಇನ್ನೊಂದು ಪದರ ಮಾಡುತ್ತೇವೆ. ಮೇಲಿನ ಪದರ ಹೆಚ್ಚು ಮುಟ್ಟುವುದಿಲ್ಲ. ಕೆಳಗಿನ ಬಣ್ಣವನ್ನು ಮಾತ್ರ ಸಮ ಮಾಡುತ್ತೇವೆ. ಕಣ್ಣ ಕೆಳಗಿನ ಕಪ್ಪು ಹೋಗುತ್ತದೆ, ಮೂಗಿನ ಪಕ್ಕದ ಕೆಂಪು ಹೋಗುತ್ತದೆ, ರಂಧ್ರಗಳು ಹಾಗೇ ಇರುತ್ತವೆ. ನೋಡಿದವರು ‘ಅಬ್ಬಾ, ರಂಧ್ರ ಕಾಣ್ತಿದೆ, ತಿದ್ದೇ ಇಲ್ಲ’ ಅಂದುಕೊಳ್ಳುತ್ತಾರೆ. ‘ರಿಯಲ್ ಆಗಿ ಕಾಣಲಿ’ ಅಂತ ಬ್ರೀಫ್ (ಜಾಹೀರಾತು ಹೇಗಿರಬೇಕು ಅಂತ ಕಂಪನಿ ಬರೆದುಕೊಡುವ ಸೂಚನೆ) ಬಂದರೆ ಕೆಲಸ ಕಡಿಮೆ ಆಗುವುದಿಲ್ಲ, ದುಪ್ಪಟ್ಟಾಗುತ್ತದೆ. ಯಾಕೆಂದರೆ ತಿದ್ದಿದ್ದು ಗೊತ್ತಾಗಬಾರದು.

ಇನ್ನು, ನಿಜವಾಗಿಯೂ ಕಂಪ್ಯೂಟರಿನಲ್ಲಿ ಕೈ ಹಚ್ಚದ ಫೋಟೊಗಳೂ ಇವೆ. ಇಲ್ಲ ಅನ್ನಲ್ಲ. ಅವುಗಳ ಹಿಂದೆಯೂ ಮೊದಲು ಆಯ್ಕೆ ನಡೆದಿರುತ್ತದೆ. ನೂರಾರು ಜನರಲ್ಲಿ ಕೆಲವರು. ದಪ್ಪ ಇರಬೇಕು, ಆದರೆ ಸೊಂಟ ಎದ್ದು ಕಾಣಬೇಕು. ವಯಸ್ಸಾಗಿರಬೇಕು, ಆದರೆ ಕೆನ್ನೆಯ ಮೂಳೆ ಚೆನ್ನಾಗಿರಬೇಕು. ಚುಕ್ಕೆ ಇದ್ದರೆ ಸಂತೋಷ, ಮೊಡವೆ ಬೇಡ. ಆಮೇಲೆ ಮೇಕಪ್. ಆಮೇಲೆ ಎದುರಿನಿಂದ ದೊಡ್ಡ ಮೆತ್ತನೆಯ ಬೆಳಕು. ಗೆರೆ ಕಾಣುವುದು ನೆರಳಿನಿಂದ. ನೆರಳೇ ಬೀಳದ ಹಾಗೆ ಬೆಳಕು ಕೊಟ್ಟರೆ ಹತ್ತು ವರ್ಷ ಕಮ್ಮಿ ಆಗುತ್ತದೆ, ಯಾವ ಸಾಫ್ಟ್‌ವೇರೂ ಬೇಡ. ಆಮೇಲೆ ನೂರಾರು ಶಾಟ್ ತೆಗೆದು ಒಂದನ್ನು ಆರಿಸುತ್ತಾರೆ.

ಇಷ್ಟೆಲ್ಲ ಆದಮೇಲೆ ‘ತಿದ್ದಿಲ್ಲ’ ಅಂದರೆ ಅದು ಸುಳ್ಳಲ್ಲ. ನಿಜ ಅನ್ನಲಿಕ್ಕೂ ನನಗೆ ಬಾಯಿ ಬರುವುದಿಲ್ಲ.

ನೆರಿಗೆ:

‘ಚುಕ್ಕೆ ಇದ್ದರೆ ಸಂತೋಷ, ಮೊಡವೆ ಬೇಡ’ ಅಂದಿರಲ್ಲ, ಇದನ್ನೇ ನಾನು ಹೇಳಲು ಒದ್ದಾಡುತ್ತಿದ್ದದ್ದು. ಒಪ್ಪಬಹುದಾದ ಕುಂದುಗಳ ಒಂದು ಪಟ್ಟಿಯನ್ನೇ ಮಾಡಿಟ್ಟಿದ್ದಾರೆ. ಹೊಟ್ಟೆಯ ಮೇಲಿನ ಗೆರೆ ಈಗ ಪಾಸಾಗಿದೆ. ಮೀಸೆ ಜಾಗದ ಕೂದಲು ಇನ್ನೂ ಪಾಸಾಗಿಲ್ಲ.

ಲೆಕ್ಕದವಳು:

2006ರಲ್ಲಿ ಡವ್‌ನವರೇ ‘ಎವಲ್ಯೂಷನ್’ ಅಂತ ಒಂದು ಚಿಕ್ಕ ವಿಡಿಯೊ ಮಾಡಿದ್ದರು. ಒಬ್ಬ ಹೆಂಗಸು ಬಂದು ಕೂರುತ್ತಾಳೆ, ಬೆಳಕು ಬೀಳುತ್ತದೆ, ಮೇಕಪ್ ಆಗುತ್ತದೆ, ಕಂಪ್ಯೂಟರಿನಲ್ಲಿ ಕುತ್ತಿಗೆ ಉದ್ದ ಮಾಡುತ್ತಾರೆ, ಕಣ್ಣು ದೊಡ್ಡದು ಮಾಡುತ್ತಾರೆ, ಕೊನೆಗೆ ಫಲಕದ ಮೇಲೆ ಏರುತ್ತಾಳೆ. ಬೆಳಕು ನೆರಳು ಹೇಳಿದ್ದನ್ನು ಆ ಉದ್ಯಮವೇ ತೋರಿಸಿದ್ದು. 2007ರಲ್ಲಿ ಕಾನ್ ಜಾಹೀರಾತು ಉತ್ಸವದಲ್ಲಿ ಅದಕ್ಕೆ ಅಲ್ಲಿನ ದೊಡ್ಡ ಬಹುಮಾನ ಗ್ರ್ಯಾಂಡ್ ಪ್ರಿ ಬಂತು. ಮೋಸವನ್ನು ಬಯಲು ಮಾಡುವುದೂ ಒಳ್ಳೆಯ ಜಾಹೀರಾತೇ ಅಂತ ಆಯ್ತು.

ಇನ್ನೊಂದು ವಿಷಯ. ‘ಜಗತ್ತಿನಲ್ಲಿ ನೂರಕ್ಕೆ ಇಬ್ಬರು ಹೆಂಗಸರು ಮಾತ್ರ ತಮ್ಮನ್ನು ಸುಂದರಿ ಅಂದುಕೊಳ್ಳುತ್ತಾರೆ’ ಅನ್ನುವ ಲೆಕ್ಕ ಎಲ್ಲ ಕಡೆ ಓಡಾಡುತ್ತದೆ. ಅದು 2004ರಲ್ಲಿ ಡವ್ ಮಾಡಿಸಿದ ಸಮೀಕ್ಷೆಯದು. 10 ದೇಶ, 3200 ಹೆಂಗಸರು. ನಿಮ್ಮ ರೂಪಕ್ಕೆ ಹೊಂದುವ ಮಾತು ಯಾವುದು ಅಂತ ಕೇಳಿದ್ದರು. 31% ಜನ ‘ಸಹಜ’ ಅಂದರು, 29% ‘ಸಾಧಾರಣ’ ಅಂದರು. ‘ಸುಂದರಿ’ ಅಂದವರು 2%. ಈಗ ಹೇಳಿ, ನಾನು ಸಾಧಾರಣ ಅಂದವಳು ನೊಂದಿದ್ದಾಳೆ ಅಂತ ಅರ್ಥವಾ? ಎಷ್ಟೋ ಜನ ಆರಾಮಾಗಿ ‘ನಾನು ಸಹಜವಾಗಿದ್ದೀನಪ್ಪಾ’ ಅಂದಿರಬಹುದು. ಆದರೆ ಆ 2% ಮಾತ್ರ ಎತ್ತಿಕೊಂಡು ಎಲ್ಲರೂ ಕೊರಗುತ್ತಿದ್ದಾರೆ, ನಾವು ಕಾಪಾಡುತ್ತೇವೆ ಅಂತ ಕಥೆ ಕಟ್ಟಲಾಯಿತು. ಎಲ್ಲರೂ ತಮ್ಮನ್ನು ಸುಂದರಿ ಅಂದುಕೊಳ್ಳಲೇಬೇಕು ಅಂತ ಯಾರು ಹೇಳಿದ್ದು? ಅದೇ ಒಂದು ಹೊಸ ಒತ್ತಾಯ.

ಹಳೇ ಓದುಗ:

ಗಂಡಸು ಇಲ್ಲಿ ಬಾಯಿ ಹಾಕಬಹುದೋ ಇಲ್ಲವೋ ಗೊತ್ತಿಲ್ಲ. ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ? ಇಷ್ಟವಿಲ್ಲದಿದ್ದರೆ ನೋಡದೆ ಬಿಟ್ಟರಾಯಿತು. ಒಂದು ಜಾಹೀರಾತು ನೋಡಿ ಯಾರೂ ಹಾಳಾಗುವುದಿಲ್ಲ.

ಲೆಕ್ಕದವಳು:

ಬಾಯಿ ಹಾಕಿ ಸರ್, ತೊಂದರೆ ಇಲ್ಲ. ಒಂದು ಜಾಹೀರಾತು ನೋಡಿ ಯಾರೂ ಹಾಳಾಗುವುದಿಲ್ಲ, ಒಪ್ಪಿದೆ. ಆದರೆ ಯಾರೂ ಒಂದೇ ನೋಡುವುದಿಲ್ಲವಲ್ಲ.

ಫಿಜಿ ದ್ವೀಪದ ನಾದ್ರೋಗಾ ಪ್ರದೇಶಕ್ಕೆ ಟಿವಿ ಬಂದಿದ್ದು 1995ರಲ್ಲಿ. ಅಲ್ಲಿ ಮೈ ತುಂಬಿಕೊಂಡಿರುವುದೇ ಲಕ್ಷಣ ಅಂತಿದ್ದರು. ಹಾರ್ವರ್ಡ್‌ನ ಆನ್ ಬೆಕರ್ ಮತ್ತು ಅವರ ಜೊತೆಗಾರರು ಟಿವಿ ಬಂದ ಹೊಸತರಲ್ಲಿ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಶಾಲೆಯ ಹುಡುಗಿಯರನ್ನು ವಿಚಾರಿಸಿದರು. ತೂಕ ಇಳಿಸಲು ಬೇಕಂತಲೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬಳೂ ಇರಲಿಲ್ಲ. ಎರಡನೇ ಸಲ 11.3% ಇದ್ದರು. ಅದು ಬರೀ ಜಾಹೀರಾತಿನ ಪ್ರಭಾವ ಅಲ್ಲ, ಧಾರಾವಾಹಿಗಳೂ ಸೇರಿದ್ದವು. ಎರಡೂ ಸಲ ಕೇಳಿದ್ದು ಅದೇ ಹುಡುಗಿಯರನ್ನಲ್ಲ, ಆ ಮಿತಿಯೂ ಇದೆ. ಆದರೂ ಮೂರು ವರ್ಷದಲ್ಲಿ ಇಷ್ಟು ಬದಲಾವಣೆ ಅಂದರೆ ‘ನೋಡದೆ ಬಿಟ್ಟರಾಯಿತು’ ಅನ್ನುವುದು ಅಷ್ಟು ಸಲೀಸಲ್ಲ.

ಹಳೇ ಓದುಗ:

ಇದು ಗೊತ್ತಿರಲಿಲ್ಲ. ಮುಂದುವರಿಸಿ, ಓದುತ್ತಿದ್ದೇನೆ.

ಕೆಂಪು ಲಿಪ್‌ಸ್ಟಿಕ್:

ಎಲ್ಲರೂ ಬಹಳ ಗಂಭೀರವಾಗಿದ್ದೀರಿ. ನನ್ನದೊಂದು ತಕರಾರಿದೆ. ನನಗೆ ಸಿಂಗಾರ ಅಂದರೆ ಇಷ್ಟ. ಕಣ್ಣಿಗೆ ಹೊಳೆಯುವ ಬಣ್ಣ ಹಚ್ಚಿಕೊಳ್ಳುವುದು ನನಗೆ ಆಟ. ಯಾವುದನ್ನೋ ಮುಚ್ಚಿಕೊಳ್ಳಲು ಹಚ್ಚುವುದಲ್ಲ. ಅದಕ್ಕೆ ಹೇಳುತ್ತೇನೆ, ಬಣ್ಣ ಮಾರುವ ಜಾಹೀರಾತಿಗೂ ಕುಂದು ಮಾರುವ ಜಾಹೀರಾತಿಗೂ ವ್ಯತ್ಯಾಸ ಇದೆ. ‘ಈ ಕೆಂಪು ನೋಡಿ ಎಷ್ಟು ಚೆನ್ನಾಗಿದೆ’ ಅಂದರೆ ನನಗೇನೂ ನೋವಿಲ್ಲ. ಬೇಕಿದ್ದರೆ ತಗೋತೀನಿ, ಇಲ್ಲದಿದ್ದರೆ ಇಲ್ಲ. ‘ನಿಮ್ಮ ತುಟಿ ಪೇಲವವಾಗಿದೆಯೇ?’ ಅಂತ ಶುರು ಮಾಡಿದರೆ ಮಾತ್ರ ಸಿಟ್ಟು ಬರುತ್ತದೆ.

ಮೇಕಪ್ ಹಚ್ಚಿಕೊಂಡವಳೆಲ್ಲ ಮೋಸ ಹೋದವಳು ಅನ್ನುವ ಹಾಗೆ ಮಾತಾಡಬೇಡಿ ಅಷ್ಟೆ. ‘ಸಹಜವಾಗಿರಿ’ ಅನ್ನುವುದೂ ಎಷ್ಟೋ ಸಲ ಹೆಂಗಸರನ್ನು ಹದ್ದುಬಸ್ತಿನಲ್ಲಿಡುವ ಮಾತೇ.

ನೆರಿಗೆ:

ಕುಂದು ಮಾರುವುದು ಅಂದಿರಲ್ಲ, ಅದಕ್ಕೆ ಒಂದು ಹಳೆಯ ಉದಾಹರಣೆ. ಜಿಲೆಟ್ ಕಂಪನಿ 1915ರಲ್ಲಿ ಹೆಂಗಸರಿಗೆ ಅಂತಲೇ ಒಂದು ರೇಜರ್ ತಂದಿತು. ಅಲ್ಲಿಯವರೆಗೆ ಅಮೆರಿಕದಲ್ಲಿ ಬಹುಪಾಲು ಹೆಂಗಸರು ಕಂಕುಳ ಕೂದಲಿನ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ತೋಳಿಲ್ಲದ ಉಡುಪಿನ ಫ್ಯಾಷನ್ ಬಂದ ಹೊತ್ತಿಗೆ ಪತ್ರಿಕೆಗಳಲ್ಲಿ ಕಂಕುಳ ಕೂದಲು ಮುಜುಗರದ ವಿಷಯ ಅಂತ ಜಾಹೀರಾತುಗಳು ಶುರುವಾದವು. ಮುಜುಗರ ಮತ್ತು ಅದಕ್ಕೆ ಮದ್ದು, ಎರಡೂ ಒಂದೇ ಪುಟದಲ್ಲಿ.

ಸೆಲ್ಯುಲೈಟ್ ಕಥೆಯೂ ಹಾಗೇ. ದೊಡ್ಡವರಾದ ಹೆಂಗಸರಲ್ಲಿ ಬಹುಪಾಲು ಎಲ್ಲರಿಗೂ ತೊಡೆ, ಪೃಷ್ಠದ ಚರ್ಮದಲ್ಲಿ ಸಣ್ಣ ಗುಳಿಗಳಿರುತ್ತವೆ. ತೆಳ್ಳಗಿದ್ದವರಿಗೂ ಇರುತ್ತವೆ. ಚರ್ಮದ ಕೆಳಗಿನ ಕೊಬ್ಬು, ಅದನ್ನು ಹಿಡಿದಿಟ್ಟ ನಾರುಗಳ ರಚನೆಯೇ ಹಾಗಿದೆ. ಅದೊಂದು ಕಾಯಿಲೆ ಅಲ್ಲ. 1968ರಲ್ಲಿ ಅಮೆರಿಕದ ವೋಗ್ ಪತ್ರಿಕೆ ಅದನ್ನು ಕರಗಿಸಬೇಕಾದ ಕೊಬ್ಬು ಅಂತ ಓದುಗರ ಮುಂದಿಟ್ಟಿತು. ಅಲ್ಲಿಂದ ಕ್ರೀಮು, ಮಸಾಜು, ಯಂತ್ರ. ಬಹುಪಾಲು ಎಲ್ಲರಿಗೂ ಇರುವುದನ್ನು ಕುಂದು ಅಂತ ಒಪ್ಪಿಸಿಬಿಟ್ಟರೆ ಗಿರಾಕಿಗಳಿಗೆ ಬರವೇ ಇಲ್ಲ.

ಮಗಳ ಅಮ್ಮ:

ನಾನು ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನನ್ನ ಚಿಂತೆ ಬೇರೆ. ಹದಿಮೂರರ ಮಗಳಿಗೆ ಇದನ್ನೆಲ್ಲ ಹೇಗೆ ಹೇಳಲಿ? ‘ಅದೆಲ್ಲ ತಿದ್ದಿದ ಫೋಟೊ ಪುಟ್ಟಾ’ ಅಂದರೆ ‘ಗೊತ್ತಮ್ಮಾ’ ಅನ್ನುತ್ತಾಳೆ. ಅವಳ ಫೋನಿನಲ್ಲೇ ಫಿಲ್ಟರ್ ಇದೆ, ನನಗಿಂತ ಚೆನ್ನಾಗಿ ಅವಳಿಗೇ ಗೊತ್ತು. ಗೊತ್ತಿದ್ದೂ ಕನ್ನಡಿ ಮುಂದೆ ಮುಖ ಸಣ್ಣಗೆ ಮಾಡುತ್ತಾಳೆ. ಕೆಲವು ದೇಶಗಳಲ್ಲಿ ತಿದ್ದಿದ ಫೋಟೊ ಅಂತ ಚೀಟಿ ಹಾಕಬೇಕಂತೆ. ಅದರಿಂದ ಏನಾದರೂ ಪ್ರಯೋಜನ ಆಗಿದೆಯಾ?

ಲೆಕ್ಕದವಳು:

ನಿಮ್ಮ ಮಗಳೇ ಅರ್ಧ ಉತ್ತರ ಕೊಟ್ಟಿದ್ದಾಳೆ.

ಇಸ್ರೇಲ್ 2012ರಲ್ಲೇ ಇಂಥ ಕಾನೂನು ಮಾಡಿತು. ಮಾಡೆಲ್‌ಗಳ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 18.5ಕ್ಕಿಂತ ಕಡಿಮೆ ಇರಬಾರದು, ದೇಹ ಸಣ್ಣಗೆ ಮಾಡಿದ ಚಿತ್ರಕ್ಕೆ ಸೂಚನೆ ಇರಬೇಕು ಅಂತ. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್ 1ರಿಂದ ‘ತಿದ್ದಿದ ಛಾಯಾಚಿತ್ರ’ ಅಂತ ಬರೆಯಬೇಕು, ಇಲ್ಲದಿದ್ದರೆ 37,500 ಯೂರೊ ದಂಡ. ಆದರೆ ಅಲ್ಲಿ ಮೈಕಟ್ಟನ್ನು ಸಣ್ಣ ಅಥವಾ ದಪ್ಪ ಮಾಡಿದ್ದಕ್ಕೆ ಮಾತ್ರ ಲೆಕ್ಕ. ಕಣ್ಣ ಕೆಳಗಿನ ಕಪ್ಪು ಅಳಿಸಿದರೆ, ಚರ್ಮ ನಯ ಮಾಡಿದರೆ ಬರೆಯಬೇಕಾಗಿಲ್ಲ. ನಾರ್ವೆ 2022ರ ಜುಲೈನಲ್ಲಿ ಜಾರಿಗೆ ತಂದದ್ದು ಇನ್ನೂ ಗಟ್ಟಿ. ಚರ್ಮವೂ ಸೇರುತ್ತದೆ, ದುಡ್ಡು ತಗೊಂಡು ಪೋಸ್ಟ್ ಹಾಕುವ ಇನ್‌ಫ್ಲುಯೆನ್ಸರ್‌ಗಳೂ ಸೇರುತ್ತಾರೆ.

ಕೇಳಲು ಚೆನ್ನಾಗಿದೆ. ಆದರೆ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಮರೀಕಾ ಟಿಗ್ಗೆಮನ್ ಮತ್ತು ಜೊತೆಗಾರರು ವರ್ಷಗಟ್ಟಲೆ ಇದನ್ನೇ ಪರೀಕ್ಷಿಸಿದ್ದಾರೆ. ಚೀಟಿ ಇದ್ದರೂ ಇಲ್ಲದಿದ್ದರೂ ಹುಡುಗಿಯರ ಬೇಸರದಲ್ಲಿ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಕೆಲವು ಸಲ ಎಲ್ಲಿ ತಿದ್ದಿದ್ದಾರೆ ಅಂತ ಬರೆದರೆ ಕಣ್ಣು ನೇರವಾಗಿ ಅದೇ ಜಾಗಕ್ಕೆ ಹೋಗುತ್ತಿತ್ತು. ಸೊಂಟ ಸಣ್ಣ ಮಾಡಿದೆ ಅಂದರೆ ಸೊಂಟವನ್ನೇ ನೋಡುವುದು! ಹೋಲಿಕೆ ಅನ್ನುವುದು ಗೊತ್ತಿದ್ದು ಮಾಡುವ ಕೆಲಸ ಅಲ್ಲ. ಸುಳ್ಳು ಅಂತ ತಿಳಿದ ಮೇಲೂ ಮನಸ್ಸು ಅಳತೆ ಹಾಕಿಯೇ ಹಾಕುತ್ತದೆ.

ಮಗಳ ಅಮ್ಮ:

ಹಾಗಾದರೆ ಏನೂ ಮಾಡಲಾಗದಾ?

ಲೆಕ್ಕದವಳು:

ಹಾಗಲ್ಲ ಅಕ್ಕ. ಚಿತ್ರದ ಬಗ್ಗೆ ಪಾಠ ಮಾಡುವುದಕ್ಕಿಂತ ದೇಹದ ಬಗ್ಗೆ ಬೇರೆ ಥರ ಮಾತಾಡುವುದು ಕೆಲಸ ಮಾಡುತ್ತದೆ ಅನ್ನಲು ಒಂದಿಷ್ಟು ಆಧಾರ ಇದೆ. ನೆದರ್ಲೆಂಡ್ಸ್‌ನಲ್ಲಿ ಜೆಸಿಕಾ ಅಲೇವಾ ಅನ್ನುವ ಸಂಶೋಧಕಿ ಹೆಂಗಸರಿಂದ ‘ನನ್ನ ದೇಹ ಏನೇನು ಮಾಡಬಲ್ಲದು’ ಅಂತ ಬರೆಸಿದರು. ನಡೆಯುವುದು, ಗಾಯ ಮಾಯುವುದು, ಅಪ್ಪಿಕೊಳ್ಳುವುದು, ಹಾಡುವುದು, ಹೀಗೆ. ಬರೆದವರಿಗೆ ತಮ್ಮ ದೇಹದ ಬಗ್ಗೆ ಸಮಾಧಾನ ಹೆಚ್ಚಾಯಿತು. ಮಗಳಿಗೆ ‘ನೀನು ಚೆಂದ ಇದ್ದೀಯ’ ಅಂತ ದಿನಾ ಹೇಳುವುದಕ್ಕಿಂತ ಅವಳು ಓಡಿದ್ದು, ಕುಣಿದಿದ್ದು, ಬಿದ್ದು ಎದ್ದಿದ್ದರ ಬಗ್ಗೆ ಮಾತಾಡಿ. ಮತ್ತೆ, ನೀವು ಅವಳ ಮುಂದೆ ನಿಮ್ಮ ಹೊಟ್ಟೆ ಹಿಡಿದುಕೊಂಡು ಬೈಯಬೇಡಿ. ಇದನ್ನು ಬಹಳ ಜನ ಮರೆಯುತ್ತಾರೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಡವ್ ಶಾಲೆಗಳಿಗೆ ಅಂತ ಮಾಡಿಸಿದ ಪಾಠಗಳನ್ನು ಬ್ರಿಟನ್ನಿನ ಸಂಶೋಧಕರು ಪರೀಕ್ಷೆಗೆ ಹಚ್ಚಿದ್ದಾರೆ. ಚಿಕ್ಕದಾದರೂ ಒಳ್ಳೆಯ ಪರಿಣಾಮ ಕಂಡಿದೆ. ಅಂದರೆ ಅವರ ಜಾಹೀರಾತಿಗಿಂತ ಅವರ ಪಾಠವೇ ವಾಸಿ.

ತರ್ಲೆ ತಂಗಿ:

ನೋಡಿ, ಕೊನೆಗೂ ಒಂದು ಒಳ್ಳೆಯ ಮಾತು ಬಂತು! ಕಂಪನಿಯವರು ಓದಿದರೆ ಅದನ್ನೂ ಫಲಕಕ್ಕೆ ಹಾಕಿಬಿಡುತ್ತಾರೆ.

ಆದರೆ ಒಂದು ಕೇಳಬೇಕು. ಸುಳ್ಳು ಜಾಹೀರಾತನ್ನು ನಿಷೇಧಿಸಿದ್ದು ಇದೆಯಲ್ಲಾ? ನಟಿ ಜೂಲಿಯಾ ರಾಬರ್ಟ್ಸ್ ಇದ್ದದ್ದನ್ನು ತೆಗೆಸಿದ್ದರು ಅಂತ ಓದಿದ ನೆನಪು.

ಲೆಕ್ಕದವಳು:

ಹೌದು, ಬ್ರಿಟನ್ನಿನಲ್ಲಿ, 2011. ಅಲ್ಲಿನ ಜಾಹೀರಾತು ನಿಗಾ ಸಂಸ್ಥೆ ಎಎಸ್‌ಎ ಎರಡನ್ನು ತೆಗೆಸಿತು. ಲಾಂಕೋಮ್‌ನದರಲ್ಲಿ ಜೂಲಿಯಾ ರಾಬರ್ಟ್ಸ್, ಮೇಬಲಿನ್‌ನದರಲ್ಲಿ ಮಾಡೆಲ್ ಕ್ರಿಸ್ಟಿ ಟರ್ಲಿಂಗ್ಟನ್. ಎರಡೂ ಲೋರಿಯಲ್ ಕಂಪನಿಯವು. ದೂರು ಕೊಟ್ಟವರು ಜೋ ಸ್ವಿನ್ಸನ್ ಅನ್ನುವ ಸಂಸದೆ. ಮುಖದ ಆ ನಯದಲ್ಲಿ ಅವರು ಮಾರುತ್ತಿದ್ದ ಮೇಕಪ್ ಫೌಂಡೇಷನ್‌ನಿಂದ ಎಷ್ಟು, ತಿದ್ದಿದ್ದರಿಂದ ಎಷ್ಟು ಅಂತ ಕಂಪನಿ ತೋರಿಸಲಾಗಲಿಲ್ಲ. ಅದಕ್ಕೆ ತೆಗೆಸಿದರು.

ಕಾರಣ ಗಮನಿಸಿ. ಸಾಮಾನು ಮಾಡುವ ಕೆಲಸವನ್ನು ದೊಡ್ಡದು ಮಾಡಿ ತೋರಿಸಿದ್ದಕ್ಕೆ ತೆಗೆಸಿದ್ದು. ಹೆಂಗಸರ ಮನಸ್ಸಿಗೆ ಪೆಟ್ಟಾಗುತ್ತದೆ ಅಂತಲ್ಲ. 2009ರಲ್ಲಿ ಹಳೆಯ ಮಾಡೆಲ್ ಟ್ವಿಗ್ಗಿ ಇದ್ದ ಓಲೇ ಕಣ್ಣಿನ ಕ್ರೀಮಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ನೂರಾರು ದೂರು ಬಂದಿದ್ದವು. ಕಣ್ಣಿನ ಸುತ್ತ ತಿದ್ದಿದ್ದು ದಾರಿ ತಪ್ಪಿಸುತ್ತದೆ ಅಂತ ಸಂಸ್ಥೆ ಒಪ್ಪಿತು. ನೋಡುವ ಹೆಂಗಸರು ತಮ್ಮ ದೇಹವನ್ನು ಕಾಣುವ ರೀತಿಗೆ ಹಾನಿ ಆಗುತ್ತದೆ ಅನ್ನುವ ದೂರನ್ನು ಮಾತ್ರ ಒಪ್ಪಲಿಲ್ಲ. 2012ರಲ್ಲಿ ನಟಾಲಿ ಪೋರ್ಟ್‌ಮನ್ ಇದ್ದ ಡಿಯೋರ್ ಮಸ್ಕಾರಾದ ಜಾಹೀರಾತು ತೆಗೆಸಿದ್ದಂತೂ ತಮಾಷೆ. ರೆಪ್ಪೆ ತಿದ್ದಿದ್ದಾರೆ ಅಂತ ದೂರು ಕೊಟ್ಟವರು ಯಾರು? ಲೋರಿಯಲ್!

ಕಾನೂನು ನಮ್ಮ ದುಡ್ಡನ್ನು ಕಾಯುತ್ತದೆ. ಎದುರಾಳಿ ಕಂಪನಿಯ ವ್ಯಾಪಾರವನ್ನೂ ಕಾಯುತ್ತದೆ. ನಮ್ಮ ಬಗ್ಗೆ ನಮಗೇ ಹುಟ್ಟುವ ಅಸಹ್ಯಕ್ಕೆ ಅದರಲ್ಲಿ ಜಾಗ ಸಿಗುವುದು ಬಹಳ ಕಷ್ಟ. ‘ನಿಮ್ಮ ವಯಸ್ಸು ಕಾಣ್ತಿದೆ’ ಅನ್ನುವ ಜಾಹೀರಾತು ಸುಳ್ಳಲ್ಲವಲ್ಲ, ಕಾಣ್ತಾ ಇರೋದು ನಿಜ.

ಕೆಂಪು ಲಿಪ್‌ಸ್ಟಿಕ್:

ಮಸ್ಕಾರಾ ಅಂದಕೂಡಲೇ ನೆನಪಾಯ್ತು. ಕೆಳಗೆ ಇರುವೆ ಗಾತ್ರದ ಅಕ್ಷರಗಳಲ್ಲಿ ‘ಕೃತಕ ರೆಪ್ಪೆ ಸೇರಿಸಲಾಗಿದೆ’ ಅಂತ ಇರುತ್ತದೆ, ಓದಿದ್ದೀರಾ? ಶಾಂಪೂವಿನಲ್ಲಿ ‘ಕಂಡೀಷನರ್ ಇಲ್ಲದ ಶಾಂಪೂಗೆ ಹೋಲಿಸಿದರೆ’ ಅಂತ ಇರುತ್ತದೆ. ‘90% ಹೆಂಗಸರು ಒಪ್ಪಿದ್ದಾರೆ’ ಅನ್ನುವುದರ ಕೆಳಗೆ ಎಷ್ಟು ಜನರನ್ನು ಕೇಳಿದರು ಅನ್ನುವುದು ಇರುತ್ತದೆ. ಅದನ್ನು ಓದಿದ ಮೇಲೆ ನನಗೆ ಆ ಜಾಹೀರಾತಿನ ಮೇಲೆ ಸಿಟ್ಟೂ ಬರಲಿಲ್ಲ, ನಗು ಬಂತು.

ನೆರಿಗೆ:

ಈಗ ಎಐ ಬಂದಿದೆ. 2025ರ ಆಗಸ್ಟ್ ತಿಂಗಳ ಅಮೆರಿಕದ ವೋಗ್‌ನಲ್ಲಿ ಗೆಸ್ ಅನ್ನುವ ಉಡುಪಿನ ಕಂಪನಿಯ ಜಾಹೀರಾತಿನಲ್ಲಿದ್ದ ಹುಡುಗಿ ಭೂಮಿಯ ಮೇಲೇ ಇಲ್ಲ. ಅವಳಿಗೆ ಹಸಿವಿಲ್ಲ, ಮುಟ್ಟಿಲ್ಲ, ವಯಸ್ಸಾಗುವುದಿಲ್ಲ. ತಿದ್ದಿದ ಫೋಟೊ ಅಂದರೆ ತಿದ್ದುವ ಮುಂಚೆ ಒಬ್ಬಳು ಇದ್ದಳು ಅನ್ನುವ ಸಮಾಧಾನವಾದರೂ ಇತ್ತು. ಹೆಂಗಸರನ್ನು ತೋರಿಸಲು ಎಐ ಬಳಸುವುದಿಲ್ಲ ಅಂತ ಡವ್ 2024ರಲ್ಲಿ ಮಾತು ಕೊಟ್ಟಿದೆ. ನಾನು ಅವರನ್ನು ಬೈಯುತ್ತಾ ಶುರು ಮಾಡಿದ್ದೆ, ಇದಕ್ಕೆ ಮಾತ್ರ ಸೈ ಅನ್ನುತ್ತೇನೆ. ಎಷ್ಟು ದಿನ ಉಳಿಸಿಕೊಳ್ಳುತ್ತಾರೋ ನೋಡೋಣ.

ಮೂಲ ಫೋಟೊವನ್ನು ಕಂಪನಿ ಇಟ್ಟುಕೊಂಡಿರಬೇಕು, ಯಾರಾದರೂ ದೂರು ಕೊಟ್ಟರೆ ತೋರಿಸಲೇಬೇಕು ಅಂತ ಎಲ್ಲ ಕಡೆ ನಿಯಮ ಬಂದರೆ ಸಾಕಲ್ವಾ? ಬೆಳಕು ನೆರಳು, ನೀವೇನಂತೀರಿ?

ಬೆಳಕು ನೆರಳು:

ಮೂಲ ಫೋಟೊ ನೋಡಿದರೆ ನಿಮಗೆ ಏನೂ ಸಿಗುವುದಿಲ್ಲ. ಮೊದಲೇ ಹೇಳಿದೆನಲ್ಲ, ಕ್ಯಾಮೆರಾ ಒತ್ತುವ ಹೊತ್ತಿಗೇ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಅದನ್ನೇ ತಂದು ತೋರಿಸಿ ‘ನೋಡಿ, ಹೆಚ್ಚೇನೂ ಬದಲಾಯಿಸಿಲ್ಲ’ ಅನ್ನುತ್ತಾರೆ.

ನನ್ನನ್ನು ಕೇಳಿದರೆ ಬ್ರೀಫ್ ತೋರಿಸಿ ಅನ್ನಬೇಕು. ಯಾರನ್ನು ಆರಿಸಬೇಕು, ಯಾರು ಬೇಡ, ಏನು ಉಳಿಯಬೇಕು, ಏನು ಹೋಗಬೇಕು, ಎಲ್ಲ ಅದರಲ್ಲಿ ಬರೆದಿರುತ್ತದೆ. ನನ್ನ ಹತ್ತಿರ ಬರುವ ತಿದ್ದುಪಡಿಯ ಪ್ರಿಂಟ್‌ನಲ್ಲಿ ಮುಖದ ಮೇಲೆ ಕೆಂಪು ಗುರುತು ಹಾಕಿ ಬಾಣ ಎಳೆದು ಬರೆದಿರುತ್ತಾರೆ. ‘ಈ ಮಡಿಕೆ ಬೇಡ.’ ‘ಇಲ್ಲಿ ಸ್ವಲ್ಪ ರಿಯಲ್ ಇರಲಿ.’ ಅದನ್ನು ಹೊರಗೆ ತೋರಿಸಬಾರದು ಅಂತ ಸಹಿ ಹಾಕಿಸಿಕೊಂಡಿರುತ್ತಾರೆ. ಫೋಟೊಗೆ ಅಷ್ಟು ಕಟ್ಟುನಿಟ್ಟಿಲ್ಲ, ಆ ಬಾಣಗಳಿಗೆ ಇದೆ.